ಪದವಿಯ ಮೊದಲ ವರ್ಷದಲ್ಲಿ ತೂಕ ಇಳಿಸುವುದು: ಕಲಬುರಗಿ, ಬೀದರ್, ಯಾದಗಿರಿ ಹಾಸ್ಟೆಲ್ ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಬಟ್ಟೆ ಬಿಗಿಯಾಗುತ್ತವೆ. ಆಗ ಹೆಚ್ಚಿನವರು ಮೊದಲು ಬಿಡುವುದು ರಾತ್ರಿ ಊಟ, ಆಮೇಲೆ ರೊಟ್ಟಿ. ಹತ್ತು ದಿನದಲ್ಲಿ ಎರಡು ಕಿಲೊ ಇಳಿಯುತ್ತದೆ, ಖುಷಿಯಾಗುತ್ತದೆ. ಮುಂದಿನ ವಾರ ಹಸಿವು ತಡೆಯದೆ ಸಂಜೆ ಭಜಿ ಅಂಗಡಿಯ ಮುಂದೆ ನಿಂತಿರುತ್ತಾರೆ, ತಿಂಗಳು ತುಂಬುವುದರೊಳಗೆ ತೂಕ ಮೊದಲಿನ ಜಾಗಕ್ಕೇ ಬಂದಿರುತ್ತದೆ. ಇದೇ ತಪ್ಪು ಪ್ರತಿ ವರ್ಷ, ಪ್ರತಿ ಹಾಸ್ಟೆಲ್‌ನಲ್ಲಿ ನಡೆಯುತ್ತದೆ.

ಆ ಎರಡು ಕಿಲೊದಲ್ಲಿ ಬಹುಪಾಲು ನೀರು. ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ಪದಾರ್ಥದ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಬಿಟ್ಟರೆ ಗ್ಲೈಕೋಜನ್ ಕರಗಿ ನೀರೂ ಹೊರಹೋಗುತ್ತದೆ, ಊಟ ಮಾಡಿದ ಕೂಡಲೇ ಎರಡೂ ಮರಳುತ್ತವೆ. ಒಂದು ಕಿಲೊ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ದಿನಕ್ಕೆ 400ರಿಂದ 500 ಕ್ಯಾಲೊರಿ ಕಡಿಮೆಯಾದರೆ ವಾರಕ್ಕೆ ಅರ್ಧ ಕಿಲೊಗಿಂತ ಸ್ವಲ್ಪ ಕಡಿಮೆ ಇಳಿಯುತ್ತದೆ. ಅದಕ್ಕಿಂತ ಬಹಳ ವೇಗವಾಗಿ ಇಳಿದರೆ ಸ್ನಾಯು ಕರಗುತ್ತದೆ, ಕೂದಲು ಉದುರುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಹೆಚ್ಚುತ್ತದೆ.

ಇಲ್ಲಿ ಹೇಳುವ ಕೆಲಸಗಳು ಹೆಚ್ಚಿನವರಿಗೆ ಹೊಸವಲ್ಲ. ಕೆಡುವುದು ಅವುಗಳ ಕ್ರಮ. ಮೂರು ಹೊತ್ತಿನ ಊಟವನ್ನು ಮುಟ್ಟದೆ, ಊಟಗಳ ನಡುವೆ ಹೋಗುವ ಸಕ್ಕರೆ ಮತ್ತು ಎಣ್ಣೆಯಿಂದ ಶುರು ಮಾಡಬೇಕು. ತಾಟಿನ ಸರದಿ ಅದರ ನಂತರದ್ದು, ವ್ಯಾಯಾಮದ್ದು ಇನ್ನೂ ಆಮೇಲೆ. ಎಲ್ಲವನ್ನೂ ಒಂದೇ ಸೋಮವಾರ ಶುರು ಮಾಡಿದವರು ಗುರುವಾರಕ್ಕೆ ನಿಲ್ಲಿಸುತ್ತಾರೆ.

ಹಂತ 1: ನಿಮಗೆ ತೂಕ ಇಳಿಸುವ ಅಗತ್ಯ ಇದೆಯೇ, ಮೊದಲು ನೋಡಿಕೊಳ್ಳಿ

ತೂಕವನ್ನು ಕಿಲೊದಲ್ಲಿ, ಎತ್ತರವನ್ನು ಮೀಟರಿನಲ್ಲಿ ಬರೆದುಕೊಳ್ಳಿ. ಎತ್ತರವನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಸಿಗುತ್ತದೆ. 160 ಸೆಂ.ಮೀ. ಎತ್ತರ, 68 ಕಿಲೊ ತೂಕ ಇದ್ದರೆ 68 ಭಾಗಿಸು 2.56, ಅಂದರೆ 26.6. ಭಾರತೀಯರಿಗೆ 18.5ರಿಂದ 22.9 ಸರಿಯಾದ ತೂಕ, 23ರಿಂದ 24.9 ಹೆಚ್ಚು, 25 ಮತ್ತು ಅದಕ್ಕಿಂತ ಮೇಲೆ ಬೊಜ್ಜು. ಮೊಬೈಲ್‌ನಲ್ಲಿ ಸಿಗುವ ಹಲವು ಲೆಕ್ಕಗಳು 25ರವರೆಗೆ ಸರಿ ಎನ್ನುತ್ತವೆ. ಅದು ನಮ್ಮ ಮೈಕಟ್ಟಿಗೆ ಹೊಂದುವ ಅಳತೆಯಲ್ಲ. ನಮ್ಮಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಬೇಗ ಕೂಡುತ್ತದೆ, ಮಧುಮೇಹವೂ ಕಡಿಮೆ ತೂಕದಲ್ಲೇ ಹಿಡಿಯುತ್ತದೆ.

ಸೊಂಟದ ಅಳತೆಯೂ ಬೇಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲ್ತುದಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ, ದರ್ಜಿ ಟೇಪು ಹಿಡಿದು ಅಳೆಯಿರಿ. ಹುಡುಗರಿಗೆ 90 ಸೆಂ.ಮೀ., ಹುಡುಗಿಯರಿಗೆ 80 ಸೆಂ.ಮೀ. ದಾಟಿದ್ದರೆ ಗಮನ ಕೊಡಬೇಕು.

ಎರಡೂ ಅಳತೆ ಸರಿ ಇದ್ದು, ರೂಮಿನವರು ಅಥವಾ ಸೀನಿಯರ್‌ಗಳು ಆಡಿಕೊಳ್ಳುತ್ತಾರೆ ಎಂಬ ಒಂದೇ ಕಾರಣಕ್ಕೆ ತೂಕ ಇಳಿಸಲು ಹೊರಟಿದ್ದರೆ ಇಲ್ಲಿಗೇ ನಿಲ್ಲಿಸಿ. ನಿಮ್ಮ ದೇಹದಲ್ಲಿ ತಪ್ಪಿಲ್ಲ.

ಪಿಯು ಮುಗಿಸಿ ಬಂದ ಹಲವರಿಗೆ ಇನ್ನೂ 18 ತುಂಬಿರುವುದಿಲ್ಲ. ಅವರಿಗೆ ಈ ಬಿಎಂಐ ಗಡಿಗಳು ಅನ್ವಯಿಸುವುದಿಲ್ಲ, ಊಟ ಕಡಿಮೆ ಮಾಡುವುದೂ ಬೇಡ. ಹಂತ 3, 5 ಮತ್ತು 6 ಮಾತ್ರ ಪಾಲಿಸಿ, ತೂಕ ಏರದಂತೆ ನೋಡಿಕೊಂಡರೆ ಸಾಕು. ಸರಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ನಲ್ಲಿ ಹದಿಹರೆಯದವರಿಗೆ ಉಚಿತ ಸಲಹೆ ಸಿಗುತ್ತದೆ.

ಶುರು ಮಾಡುವ ಮುಂಚೆ ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಪ್ರತಿ ಡೆಸಿಲೀಟರ್ ರಕ್ತಕ್ಕೆ ಹುಡುಗಿಯರಿಗೆ 12, ಹುಡುಗರಿಗೆ 13 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಎರಡನೇ ಮಹಡಿ ಹತ್ತುವಾಗ ಬರುವ ಏದುಸಿರನ್ನು ದಪ್ಪಗಾಗಿದ್ದಕ್ಕೆ ಎಂದುಕೊಳ್ಳುವ ಹುಡುಗಿಯರು ಬಹಳ, ಎಷ್ಟೋ ಸಲ ಕಾರಣ ರಕ್ತ ಕಡಿಮೆ ಇರುವುದು. ಮುಟ್ಟು ಏರುಪೇರಾಗಿದ್ದರೆ, ಮುಖದಲ್ಲಿ ಕೂದಲು ಬೆಳೆಯುತ್ತಿದ್ದರೆ, ಕತ್ತಿನ ಹಿಂದೆ ಚರ್ಮ ಕಪ್ಪಗೆ ದಪ್ಪವಾಗಿದ್ದರೆ ಥೈರಾಯ್ಡ್, ಪಿಸಿಒಎಸ್ (ಅಂಡಾಶಯದ ಹಾರ್ಮೋನು ಏರುಪೇರು), ರಕ್ತದ ಸಕ್ಕರೆ ನೋಡಿಸಿಕೊಳ್ಳಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಮೂರೂ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೇ. ಮಧುಮೇಹ, ಮೂರ್ಛೆ ಅಥವಾ ಮಾನಸಿಕ ತೊಂದರೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ಊಟದಲ್ಲಿ ಏನೂ ಬದಲಿಸಬಾರದು.

ಮೊದಲ ವರ್ಷದ ಗುರಿ ದೊಡ್ಡದಿರಬಾರದು. ಈಗಿನ ತೂಕದ ನೂರಕ್ಕೆ 5ರಿಂದ 7ರಷ್ಟು ಒಂದು ಸೆಮಿಸ್ಟರಿಗೆ ಸಾಕು. 68 ಕಿಲೊ ಇದ್ದವರಿಗೆ ಅದು ಸುಮಾರು ಮೂರೂವರೆಯಿಂದ ನಾಲ್ಕೂಮುಕ್ಕಾಲು ಕಿಲೊ.

ಹಂತ 2: ಒಂದು ವಾರ ಬರೀ ಬರೆದಿಡಿ, ಏನನ್ನೂ ಬದಲಿಸಬೇಡಿ

ಬೇಕಾದ ಸಾಮಾನು ಕಡಿಮೆ: ದರ್ಜಿ ಟೇಪು, ಚಿಕ್ಕ ನೋಟ್‌ಬುಕ್, 200 ಮಿ.ಲೀ. ಹಿಡಿಯುವ ಸ್ಟೀಲ್ ಬಟ್ಟಲು, ಚಹಾ ಚಮಚ, ಒಂದು ಲೀಟರಿನ ನೀರಿನ ಬಾಟಲಿ, ಮುಚ್ಚಳ ಗಟ್ಟಿಯಿರುವ ಡಬ್ಬಿ, ಕಾಳು ಮೊಳಕೆ ಕಟ್ಟಲು ತೆಳು ಅರಿವೆ, ಹಿಮ್ಮಡಿ ಮೆತ್ತಗಿರುವ ಬೂಟು. ತೂಕದ ಯಂತ್ರ ಕೊಳ್ಳಬೇಕಿಲ್ಲ. ಔಷಧಿ ಅಂಗಡಿಯದೋ ಕಾಲೇಜು ಜಿಮ್‌ನದೋ ಒಂದನ್ನು ಆರಿಸಿ, ಪ್ರತಿ ಸಲ ಅದರ ಮೇಲೆಯೇ ನಿಲ್ಲಿ. ಬೇರೆ ಬೇರೆ ಯಂತ್ರದಲ್ಲಿ ಒಂದೆರಡು ಕಿಲೊ ಹೆಚ್ಚುಕಡಿಮೆ ತೋರಿಸುವುದು ಸಾಮಾನ್ಯ.

ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದೆಲ್ಲ ಬರೆಯಿರಿ. ಚಹಾ ಎಷ್ಟು ಕಪ್ಪು, ಗೆಳೆಯನ ಪ್ಯಾಕೆಟ್ಟಿನಿಂದ ತೆಗೆದ ಚಿಪ್ಸ್ ಎಷ್ಟು, ಊರಿಂದ ಬಂದ ಡಬ್ಬಿಯ ಉಂಡಿ ಎಷ್ಟು, ಎಲ್ಲವೂ. ತಿಂದ ಹೊತ್ತನ್ನೂ ಪಕ್ಕದಲ್ಲಿ ಬರೆಯಿರಿ. ಸಂಜೆ ಬರೆಯುತ್ತೇನೆ ಎಂದು ಬಿಟ್ಟರೆ ಅರ್ಧ ಮರೆತುಹೋಗಿರುತ್ತದೆ, ತಿಂದ ಕೂಡಲೇ ಬರೆಯಬೇಕು. ಮೊಬೈಲ್‌ನಲ್ಲಿ ದಿನಕ್ಕೆ ಎಷ್ಟು ಹೆಜ್ಜೆ ನಡೆಯುತ್ತೀರಿ ಎಂಬುದನ್ನೂ ಗುರುತು ಹಾಕಿ.

ವಾರದ ಕೊನೆಗೆ ಹೊತ್ತುಗಳನ್ನು ನೋಡಿ. ಹಾಸ್ಟೆಲ್ ಹುಡುಗ ಹುಡುಗಿಯರಲ್ಲಿ ಹೆಚ್ಚಿನ ತಿನಿಸು ಸಂಜೆ 5ರಿಂದ 7ರ ನಡುವೆ ಮತ್ತು ರಾತ್ರಿ 11ರ ನಂತರ ಬಿದ್ದಿರುತ್ತದೆ. ಮೆಸ್ ಊಟ ಅಲ್ಲೆಲ್ಲೂ ಕಾರಣವಾಗಿರುವುದಿಲ್ಲ.

ಹಂತ 3: ಕುಡಿಯುವ ಸಕ್ಕರೆ, ಕರಿದ ಎಣ್ಣೆ (ಎರಡರಿಂದ ಐದನೇ ವಾರ)

ಇದೇ ಹಂತಕ್ಕೆ ಹೆಚ್ಚು ಸಮಯ ಕೊಡಿ. ಹಲವರಿಗೆ ಬೇಕಾದ ಕೊರತೆ ಇಷ್ಟರಲ್ಲೇ ಸಿಕ್ಕಿಬಿಡುತ್ತದೆ.

ಚಹಾದ ಲೆಕ್ಕ ಮಾಡಿ. ಕ್ಲಾಸು ಮುಗಿದಾಗೊಂದು, ಲೈಬ್ರರಿಗೆ ಹೋಗುವಾಗೊಂದು ಎಂದು ದಿನಕ್ಕೆ ಐದು ಕಪ್ಪು, ಕಪ್ಪಿಗೆ ಎರಡು ಚಮಚ ಸಕ್ಕರೆ ಹಿಡಿದರೂ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಹಾ ಪೂರ್ತಿ ಬಿಡಬೇಡಿ, ತಲೆನೋವು ಬಂದು ಮೂರನೇ ದಿನ ಮತ್ತೆ ಶುರುವಾಗುತ್ತದೆ. ಮೊದಲ ವಾರ ಐದನ್ನು ಮೂರಕ್ಕೆ ಇಳಿಸಿ. ಎರಡನೇ ವಾರ ಸಕ್ಕರೆ ಕಮ್ಮಿ ಹಾಕಿಸಿ. ಅಂಗಡಿಯಲ್ಲಿ ಮೊದಲೇ ಸಕ್ಕರೆ ಹಾಕಿ ಕುದಿಸಿರುತ್ತಾರೆ, ಅಲ್ಲಿ ಕಟಿಂಗ್ ಚಹಾ ಕೇಳುವುದೇ ದಾರಿ. ಊಟದ ಹಿಂದೆಯೇ ಚಹಾ ಕುಡಿಯುವ ರೂಢಿ ಬಿಡಬೇಕು, ಅದು ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ.

ತಂಪು ಪಾನೀಯದ 600 ಮಿ.ಲೀ. ಬಾಟಲಿಯೊಂದರಲ್ಲಿ 60 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಬೇಸಿಗೆಯಲ್ಲಿ ಕಬ್ಬಿನ ಹಾಲು, ಸಿಹಿ ಲಸ್ಸಿ, ಬಣ್ಣದ ಶರಬತ್ತುಗಳೂ ಇದೇ ಸಾಲಿಗೆ ಸೇರುತ್ತವೆ. ಬದಲಿಗೆ ಉಪ್ಪು, ಜೀರಿಗೆ ಹಾಕಿದ ಮಜ್ಜಿಗೆ, ಸಕ್ಕರೆ ಇಲ್ಲದ ಲಿಂಬು ಸೋಡಾ, ಮಡಿಕೆ ನೀರು.

ಇನ್ನು ಕರಿದದ್ದು. ದೊಡ್ಡ ಮಿರ್ಚಿ ಭಜಿ ಎರಡು ತಿಂದರೆ ಸುಮಾರು 250ರಿಂದ 300 ಕ್ಯಾಲೊರಿ. ದೊಡ್ಡ ಸಮೋಸಾ ಒಂದಕ್ಕೇ 250ರ ಹತ್ತಿರ. ಸಂಜೆ ಭಜಿ ತಿನ್ನಬಾರದು ಎಂದು ಗಟ್ಟಿ ಮನಸ್ಸು ಮಾಡಿ ಗೆದ್ದವರು ಕಡಿಮೆ. ಆ ಹೊತ್ತಿಗೆ ಹಸಿವು ನಿಜವಾಗಿಯೂ ಇರುತ್ತದೆ, ಮಧ್ಯಾಹ್ನ ಒಂದಕ್ಕೆ ಉಂಡವರಿಗೆ ರಾತ್ರಿ ಎಂಟೂವರೆವರೆಗೆ ಏನೂ ಸಿಗುವುದಿಲ್ಲ. ಆದ್ದರಿಂದ ಬ್ಯಾಗಿನಲ್ಲಿ ಡಬ್ಬಿ ಇರಬೇಕು. 30 ಗ್ರಾಂ ಪುಟಾಣಿ (ಸುಮಾರು 110 ಕ್ಯಾಲೊರಿ), ಇಲ್ಲವೆ ಮೊಳಕೆ ಬಂದ ಹೆಸರುಕಾಳಿಗೆ ಉಳ್ಳಾಗಡ್ಡಿ, ಲಿಂಬೆರಸ ಹಿಂಡಿದ್ದು, ಇಲ್ಲವೆ ಒಂದು ಸಣ್ಣ ಹಿಡಿ ಹುರಿದ ಶೇಂಗಾ. ಶೇಂಗಾ ಅಳತೆ ತಪ್ಪಬಾರದು: 25 ಗ್ರಾಂಗೆ 140 ಕ್ಯಾಲೊರಿ, ಹರಟೆ ಹೊಡೆಯುತ್ತಾ ಪುಡಿಕೆ ಖಾಲಿ ಮಾಡಿದರೆ 500 ದಾಟುತ್ತದೆ. ಡಬ್ಬಿಯನ್ನು 4:30ಕ್ಕೇ ತಿನ್ನಿ, ಹಸಿವು ಮುಗಿಲಿಗೇರುವ ತನಕ ಕಾಯಬೇಡಿ.

ಭಜಿ ವಾರಕ್ಕೊಮ್ಮೆ ಇರಲಿ, ದಿನ ಗೊತ್ತುಮಾಡಿಕೊಂಡು. ಸುಸಲಾ ಮಂಡಕ್ಕಿಯದು, ಹಗುರ ಎಂದುಕೊಳ್ಳುತ್ತಾರೆ. ಮಂಡಕ್ಕಿ ಹಗುರವೇ, ಒಗ್ಗರಣೆಯ ಎಣ್ಣೆ ಹಗುರವಲ್ಲ, ಜೊತೆಗೆ ಕೊಡುವ ಭಜಿಯೂ ಅಲ್ಲ. ಭಜಿ ಬಿಟ್ಟು ಸುಸಲಾ ತಿನ್ನಬಹುದು.

ಐದನೇ ವಾರದ ಕೊನೆಗೆ ತೂಕ, ಸೊಂಟ ನೋಡಿ. ಒಂದರಿಂದ ಒಂದೂವರೆ ಕಿಲೊ ಇಳಿದಿದ್ದರೆ ಮುಂದಿನ ಹಂತದಲ್ಲಿ ಅನ್ನವನ್ನು ಕಡಿಮೆ ಮಾಡಬೇಕಿಲ್ಲ, ಪ್ರೋಟೀನು ಸರಿಪಡಿಸಿಕೊಂಡರೆ ಸಾಕು.

ಹಂತ 4: ಮೆಸ್ ತಾಟನ್ನು ಸರಿಪಡಿಸುವುದು

ಮೊದಲು ಒಂದು ತಪ್ಪು ನಂಬಿಕೆ. ಜೋಳದ ರೊಟ್ಟಿ ತಿಂದರೆ ತೂಕ ಏರುವುದಿಲ್ಲ, ಅನ್ನ ತಿಂದರೆ ಏರುತ್ತದೆ ಎನ್ನುತ್ತಾರೆ. ನೂರು ಗ್ರಾಂ ಜೋಳದ ಹಿಟ್ಟಿಗೂ ನೂರು ಗ್ರಾಂ ಅಕ್ಕಿಗೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ, 340ರ ಆಸುಪಾಸು. ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಹತ್ತಿರ. ರೊಟ್ಟಿ ಅಗಿಯಲು ಹೊತ್ತು ಬೇಕು, ಹೊಟ್ಟೆ ಬೇಗ ತುಂಬಿದಂತಾಗುತ್ತದೆ, ತಡವಾಗಿ ಹಸಿಯುತ್ತದೆ. ರೊಟ್ಟಿಯ ಲಾಭ ಅಷ್ಟು. ಎಣಿಸದೆ ತಿಂದರೆ ಅದೂ ತೂಕ ಏರಿಸುತ್ತದೆ. ಕಡಕ್ ರೊಟ್ಟಿಯಲ್ಲಿ ಈ ಮೋಸ ಜಾಸ್ತಿ: ತೆಳುವಾಗಿರುತ್ತದೆ, ಮುರಿದು ಮುರಿದು ತಿನ್ನುತ್ತಾ ನಾಲ್ಕು ಹೋದದ್ದು ಗೊತ್ತಾಗುವುದಿಲ್ಲ.

ಅಂದಾಜಿಗೆ: 160 ಸೆಂ.ಮೀ., 68 ಕಿಲೊ ಇರುವ, ಹೆಚ್ಚು ಓಡಾಡದ ಹುಡುಗಿಗೆ ತೂಕ ಇದ್ದಷ್ಟೇ ಇರಲು ದಿನಕ್ಕೆ 2,000 ಕ್ಯಾಲೊರಿ ಬೇಕು, ಇಳಿಸಲು 1,600. ಆರಡಿಗೆ ಸ್ವಲ್ಪ ಕಡಿಮೆ ಎತ್ತರದ 85 ಕಿಲೊ ಹುಡುಗನಿಗೆ 2,600 ಬೇಕು, ಇಳಿಸಲು 2,100. ಡಾಕ್ಟರ್ ಹೇಳದ ಹೊರತು ಹುಡುಗಿಯರು 1,200, ಹುಡುಗರು 1,500ಕ್ಕಿಂತ ಕೆಳಗೆ ಇಳಿಯಲೇಬಾರದು.

ಮಧ್ಯಾಹ್ನದ ತಾಟಿನಲ್ಲಿ ಹಾಕಿಸಿಕೊಳ್ಳುವ ಕ್ರಮ ಇದು. ಮೊದಲು ಹಸಿ ತರಕಾರಿ: ಸೌತೆಕಾಯಿ, ಗಜ್ಜರಿ, ಮೂಲಂಗಿ, ಎಳೆಯ ಮೆಂತ್ಯೆ ಸೊಪ್ಪು, ಹಕ್ಕರಕಿ. ನಮ್ಮ ಭಾಗದಲ್ಲಿ ರೊಟ್ಟಿಯ ಜೊತೆ ಹಸಿ ಸೊಪ್ಪು ತಿನ್ನುವ ಪದ್ಧತಿ ಮೊದಲಿನಿಂದ ಇದೆ, ಮೆಸ್‌ನಲ್ಲಿ ಮಾತ್ರ ಕೈಬಿಟ್ಟುಹೋಗಿದೆ. ಸಂತೆಯಿಂದ ತಂದು ಚೆನ್ನಾಗಿ ತೊಳೆದು ನಾಲ್ಕು ಜನ ಹಂಚಿಕೊಂಡರೆ ಖರ್ಚೂ ಕಡಿಮೆ. ಆಮೇಲೆ ಒಂದು ಬಟ್ಟಲು ಗಟ್ಟಿ ಬೇಳೆ ಅಥವಾ ಕಾಳು ಪಲ್ಯ. ಆಮೇಲೆ ಪುಂಡಿಪಲ್ಯವೋ ಬೇರೆ ತರಕಾರಿಯೋ ಒಂದು ಬಟ್ಟಲು. ಕೊನೆಗೆ ಎರಡು ಬಿಸಿ ರೊಟ್ಟಿ, ಇಲ್ಲವೆ ಒಂದು ರೊಟ್ಟಿ ಮತ್ತು ಒಂದು ಬಟ್ಟಲು ಅನ್ನ. ಅನ್ನ ಮೊದಲು ಹಾಕಿಸಿಕೊಂಡರೆ ಬೇಳೆಗೆ ಜಾಗ ಇರುವುದಿಲ್ಲ.

ಮೆಸ್ ಬೇಳೆ ಹೆಚ್ಚಾಗಿ ನೀರಾಗಿರುತ್ತದೆ. ಮೇಲಿನ ತಿಳಿಯನ್ನು ಬಿಟ್ಟು ಸೌಟು ತಳಕ್ಕೆ ಹಾಕಿ ತೆಗೆಯಲು ಬಡಿಸುವವರಿಗೆ ಹೇಳಿ, ಮುಲಾಜು ಬೇಡ. ತೊಗರಿಯ ನಾಡಿನಲ್ಲಿ ಇದ್ದು ಬೇಳೆಗೆ ಬರ ಬರಬಾರದು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ನೂರು ಗ್ರಾಂ ಒಣ ಬೇಳೆಯಲ್ಲಿ 22 ಗ್ರಾಂ ಹತ್ತಿರ ಪ್ರೋಟೀನು ಇದೆ. ತೆಳು ಸಾರಿನ ಒಂದು ಬಟ್ಟಲಿನಲ್ಲಿ 5 ಗ್ರಾಂ ಸಿಕ್ಕರೆ ಹೆಚ್ಚು.

ತೂಕ ಇಳಿಯುವಾಗ ಸ್ನಾಯು ಉಳಿಯಬೇಕಾದರೆ ಕಿಲೊಗೆ ಒಂದು ಗ್ರಾಂ ಪ್ರೋಟೀನು ಗುರಿ ಇಟ್ಟುಕೊಳ್ಳಿ. 68 ಕಿಲೊ ಇದ್ದವರಿಗೆ 70 ಗ್ರಾಂ. ಮೆಸ್ ಊಟದಲ್ಲೇ ಅದನ್ನು ಹೀಗೆ ಕೂಡಿಸಬಹುದು: ದಿನದ ನಾಲ್ಕು ರೊಟ್ಟಿಯಿಂದ 18 ಗ್ರಾಂ, ಎರಡು ಬಟ್ಟಲು ಬೇಳೆಯಿಂದ 10, ಎರಡು ಕುದಿಸಿದ ತತ್ತಿಯಿಂದ 12, ಒಂದು ಬಟ್ಟಲು ಮೊಸರಿನಿಂದ 6, ನಾಲ್ಕು ದೊಡ್ಡ ಚಮಚದಷ್ಟು (40 ಗ್ರಾಂ) ಹೆಸರುಕಾಳು ನೆನೆಸಿ ಮೊಳಕೆ ಕಟ್ಟಿದರೆ 9, ಪುಟಾಣಿಯಿಂದ 6. ಉಳಿದದ್ದು ತರಕಾರಿ, ಹಾಲಿನಿಂದ ಬರುತ್ತದೆ. ತತ್ತಿ ತಿನ್ನದವರಿಗೆ ಸೋಯಾ ವಡಿ ಇದೆ. 30 ಗ್ರಾಂ ಒಣ ವಡಿಯಲ್ಲಿ 15 ಗ್ರಾಂ ಪ್ರೋಟೀನು. ಕುದಿಯುವ ನೀರನ್ನು ಡಬ್ಬಿಗೆ ಹಾಕಿ ಕಾಲು ತಾಸು ಮುಚ್ಚಿಟ್ಟು, ಹಿಂಡಿ, ಮೆಸ್ ಪಲ್ಯದಲ್ಲಿ ಕಲಸಿದರೆ ಮುಗಿಯಿತು. ರೂಮಿನಲ್ಲಿ ಸ್ಟೋವು ಬೇಕಿಲ್ಲ. ಪ್ರೋಟೀನು ಪುಡಿಯ ದುಬಾರಿ ಡಬ್ಬಿಯೂ ಬೇಕಿಲ್ಲ.

ಎಣ್ಣೆ ಎಲ್ಲಿ ಅಡಗಿರುತ್ತದೆ ನೋಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ ಒಳ್ಳೆಯವೇ, ಎರಡು ಚಮಚ ಹಾಕಿಕೊಳ್ಳಿ. ಅದರ ಮೇಲೆ ಕುಸುಬಿ ಎಣ್ಣೆ ಸುರಿದುಕೊಳ್ಳುವ ರೂಢಿಗೆ ಚಹಾ ಚಮಚದ ಅಳತೆ ಇಡಿ. ಒಂದು ಚಮಚಕ್ಕೆ 45 ಕ್ಯಾಲೊರಿ, ಕೈಯಳತೆಯಲ್ಲಿ ಸುರಿದರೆ ಮೂರು ಚಮಚವಾದರೂ ಬೀಳುತ್ತದೆ. ಬದಲಿಗೆ ಮೊಸರಿನಲ್ಲಿ ಕಲಸಿ ತಿನ್ನಬಹುದು. ಎಣ್ಣೆಗಾಯಿ ಬದನೆಯ ಮೇಲೆ ತೇಲುವ ಎಣ್ಣೆಯನ್ನು ತಾಟಿನ ಅಂಚಿಗೆ ಸರಿಸಿಬಿಡಿ. ನಾಷ್ಟಾಕ್ಕೆ ಪೂರಿ ಇರುವ ದಿನ ಎರಡಕ್ಕೆ ನಿಲ್ಲಿಸಿ, ಜೊತೆಗೆ ತತ್ತಿ ಅಥವಾ ಮೊಳಕೆ ಕಾಳು ಸೇರಿಸಿ.

ರಜೆಯ ದಿನ ಗೆಳೆಯರೊಂದಿಗೆ ತಹರಿ ತಿನ್ನಲು ಹೋಗುವವರು ಹಸಿದ ಹೊಟ್ಟೆಯಲ್ಲಿ ಹೋಗಬೇಡಿ. ಒಂದು ಪ್ಲೇಟು ಇಬ್ಬರು ಹಂಚಿಕೊಂಡು, ಮೊಸರು ಬಜ್ಜಿ, ಉಳ್ಳಾಗಡ್ಡಿ ಹೆಚ್ಚು ಹಾಕಿಸಿಕೊಳ್ಳಿ.

ಹಂತ 5: ನಡಿಗೆ, ಆಮೇಲೆ ಬಸ್ಕಿ ದಂಡ (ಆರನೇ ವಾರದಿಂದ)

ವ್ಯಾಯಾಮ ಒಂದರಿಂದಲೇ ತೂಕ ಇಳಿಸುವುದು ಕಷ್ಟ. 70 ಕಿಲೊ ಇರುವವರು ಐದು ಕಿಲೋಮೀಟರ್ ನಡೆದರೆ 250 ಕ್ಯಾಲೊರಿ ಹತ್ತಿರ ಖರ್ಚಾಗುತ್ತದೆ, ಎರಡು ಭಜಿಗೆ ಅದು ಸಮ. ಆದರೂ ಬಿಡಬಾರದು, ಇಳಿದ ತೂಕ ಇಳಿದಂತೆಯೇ ನಿಲ್ಲಲು ನಡಿಗೆ ಬೇಕು.

ಎರಡನೇ ಹಂತದಲ್ಲಿ ಗುರುತು ಹಾಕಿದ ಹೆಜ್ಜೆಗಳಿಗೆ ವಾರಕ್ಕೆ 1,000 ಸೇರಿಸುತ್ತಾ 8,000ಕ್ಕೆ ತಲುಪಿ. ಜಾಗ ಹತ್ತಿರದ್ದಿರಲಿ. ಕಲಬುರಗಿಯಲ್ಲಿ ಶರಣಬಸವೇಶ್ವರ ಕೆರೆಯ ದಂಡೆ, ಸಾರ್ವಜನಿಕ ಉದ್ಯಾನ, ಚಂದ್ರಶೇಖರ ಪಾಟೀಲ ಕ್ರೀಡಾಂಗಣ ಇವೆ. ಬೀದರಿನಲ್ಲಿ ನೆಹರು ಕ್ರೀಡಾಂಗಣ, ಕೋಟೆಯ ಸುತ್ತಲಿನ ದಾರಿ. ಯಾದಗಿರಿಯಲ್ಲಿ ಲುಂಬಿನಿ ಉದ್ಯಾನ. ಸೇಡಂ ರಸ್ತೆಯ ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದವರಿಗೆ ಕ್ಯಾಂಪಸ್ಸಿನೊಳಗಿನ ರಸ್ತೆಗಳೇ ಸಾಕು. ಹಾಸ್ಟೆಲ್ ಗೇಟಿನ ಹೊತ್ತಿಗೆ ಕಟ್ಟುಬಿದ್ದ ಹುಡುಗಿಯರು ಹತ್ತು ಹತ್ತು ನಿಮಿಷದ ಮೂರು ನಡಿಗೆ ಮಾಡಬಹುದು. ಊಟವಾದ ಮೇಲೆ ಆವರಣದೊಳಗೆ ಹತ್ತು ನಿಮಿಷ ತಿರುಗಾಡುವುದು ರಕ್ತದ ಸಕ್ಕರೆಗೂ ಒಳ್ಳೆಯದು.

ನಮ್ಮ ಬಿಸಿಲಿಗೆ ಬೇರೆಯೇ ಎಚ್ಚರ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಬೆಳಿಗ್ಗೆ ಆರೂವರೆ ಒಳಗೆ ಅಥವಾ ಸಂಜೆ ಏಳರ ನಂತರ ಮಾತ್ರ ನಡೆಯಿರಿ. ಹೆಚ್ಚು ಬೆವರಿದರೆ ಹೆಚ್ಚು ಕೊಬ್ಬು ಕರಗುತ್ತದೆ ಎಂದು ಸ್ವೆಟರ್, ಪ್ಲಾಸ್ಟಿಕ್ ಸುತ್ತಿಕೊಂಡು ಓಡುವವರಿದ್ದಾರೆ. ಬೆವರಿನಲ್ಲಿ ಹೋಗುವುದು ನೀರು ಮತ್ತು ಉಪ್ಪು, ಕೊಬ್ಬಲ್ಲ. ಹೀಗೆ ಮಾಡಿ ಬಿಸಿಲು ಬಡಿದರೆ ಜೀವಕ್ಕೇ ಕುತ್ತು. ತಲೆ ಸುತ್ತುವುದು, ಮೀನಖಂಡ ಹಿಡಿಯುವುದು, ವಾಕರಿಕೆ ಕಂಡರೆ ನೆರಳಿಗೆ ಬಂದು ಒಆರ್‌ಎಸ್ ಕುಡಿಯಿರಿ. ಪುಡಿ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಸಮಮಟ್ಟಕ್ಕೆ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಮೈಗೆ ನೀರು ಹಾಕುತ್ತಾ ಕೂಡಲೇ 108ಕ್ಕೆ ಕರೆ ಮಾಡಿ.

ನಡಿಗೆ ಎರಡು ವಾರ ಕೂಡಿಬಂದ ಮೇಲೆ ವಾರಕ್ಕೆ ಎರಡು ದಿನ ಬಲದ ವ್ಯಾಯಾಮ ಸೇರಿಸಿ. ಬಸ್ಕಿ 10, ಗೋಡೆಗೆ ಅಥವಾ ಮೇಜಿಗೆ ಕೈಯೂರಿ ದಂಡ 8, ಪುಸ್ತಕ ತುಂಬಿದ ಬ್ಯಾಗನ್ನು ಬಾಗಿ ಎಳೆದೆತ್ತುವುದು 10, ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೆಟ್ಟಗೆ ಹಿಡಿಯುವುದು) 20 ಸೆಕೆಂಡು. ಇಷ್ಟು ಒಂದು ಸುತ್ತು, ಮೂರು ಸುತ್ತು ಮಾಡಿ. ಬಸ್ಕಿಯಲ್ಲಿ ಮೊಣಕಾಲು ಒಳಗೆ ಬಾಗಿದರೆ ನೋವು ಶುರುವಾಗುತ್ತದೆ, ಕುರ್ಚಿ ಹಿಂದಿಟ್ಟುಕೊಂಡು ಕೂತೆದ್ದಂತೆ ಮಾಡಿ. ಮೊದಲ ವಾರ ಮೈಕೈ ನೋಯುತ್ತದೆ, ತೂಕ ಅರ್ಧ ಕಿಲೊ ಏರಲೂಬಹುದು. ದುಡಿದ ಸ್ನಾಯು ನೀರು ಹಿಡಿದುಕೊಳ್ಳುತ್ತದೆ, ಗಾಬರಿ ಬೇಡ.

ಹಂತ 6: ನಿದ್ದೆ

ರಾತ್ರಿ ಎರಡರವರೆಗೆ ಎದ್ದಿದ್ದು ಬೆಳಿಗ್ಗೆ ಏಳಕ್ಕೆ ಏಳುವವರಿಗೆ ಮರುದಿನ ಸಿಹಿ, ಕರಿದದ್ದರ ಆಸೆ ಹೆಚ್ಚು. ನಿದ್ದೆಗೆಟ್ಟರೆ ಹಸಿವಿನ ಹಾರ್ಮೋನು ಏರುತ್ತದೆ. ಏಳು ತಾಸು ನಿದ್ದೆ ಬೇಕೇ ಬೇಕು. ಪರೀಕ್ಷೆ ಹೊತ್ತಿನಲ್ಲಿ ಓದಲು ತಡವಾದರೆ ನೂಡಲ್ಸ್, ಕ್ರೀಮ್ ಬಿಸ್ಕಿಟ್ ಬದಲು ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಮೊದಲೇ ತೆಗೆದಿಡಿ. ಸಂಜೆ ಐದರ ನಂತರ ಚಹಾ, ಕಾಫಿ ಬೇಡ. ಪರೀಕ್ಷೆಯ ಎರಡು ಮೂರು ವಾರ ತೂಕ ಇಳಿಸುವ ಪ್ರಯತ್ನವನ್ನೇ ನಿಲ್ಲಿಸಿ, ಇದ್ದ ತೂಕ ಉಳಿಸಿಕೊಂಡರೆ ಸಾಕು.

ಹಂತ 7: ಊರು, ಹಬ್ಬ, ಉಪವಾಸ

ಊರಿಗೆ ಹೋದ ದಿನವೇ ಅವ್ವ "ಎಷ್ಟು ಸೊರಗೀದಿ, ಉಣ್ಣು" ಎಂದು ತಾಟಿಗೆ ಮತ್ತೊಂದು ಹೋಳಿಗೆ ಹಾಕುತ್ತಾಳೆ. ಬೇಡ ಎಂದರೆ ನೊಂದುಕೊಳ್ಳುತ್ತಾಳೆ. ಮೊದಲ ಸಲ ಕಡಿಮೆ ಹಾಕಿಸಿಕೊಂಡು ಎರಡನೇ ಸಲ ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯ ಉಪಾಯ, ಇಬ್ಬರಿಗೂ ಸಮಾಧಾನ. ಮರಳುವಾಗ ಚಕ್ಕುಲಿ, ಉಂಡಿಯ ಬದಲು ಹಿಂಡಿ, ಪುಟಾಣಿ, ಹೆಸರುಕಾಳು ಕಟ್ಟಿಕೊಡಲು ಹೇಳಿ.

ಎಳ್ಳಮಾವಾಸ್ಯೆಯ ಚರಗದ ಊಟ ಹೊಟ್ಟೆತುಂಬ ಉಣ್ಣಿರಿ. ಕಾಳು, ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ, ಇವು ಮೆಸ್ ಊಟಕ್ಕಿಂತ ಎಷ್ಟೋ ಮೇಲು. ಶೇಂಗಾ ಹೋಳಿಗೆ, ಕಡಬು ಒಂದೊಂದಕ್ಕೆ ನಿಲ್ಲಿಸಿದರೆ ಸಾಕು. ಒಂದು ದಿನದ ಹಬ್ಬದಿಂದ ತೂಕ ಏರುವುದಿಲ್ಲ. ಮರುದಿನ ಪ್ರಾಯಶ್ಚಿತ್ತ ಎಂದು ಉಪವಾಸ ಬೀಳುವುದು, ಆಮೇಲೆ ಮತ್ತೆ ಮುಕ್ಕುವುದು ಅಪಾಯದ ದಾರಿ.

ಶ್ರಾವಣ ಸೋಮವಾರ, ಏಕಾದಶಿ ಮಾಡುವವರು ಸಾಬೂದಾಣಿ ಖಿಚಡಿ, ಕರಿದ ವಡೆಯ ಬದಲು ಹಾಲು, ಮೊಸರು, ಹಣ್ಣು, ಹಿಡಿ ಶೇಂಗಾ ಇಟ್ಟುಕೊಳ್ಳಿ. ರೋಜಾ ಇರುವವರು ಇಫ್ತಾರಿಗೆ ಖರ್ಜೂರ ಒಂದೆರಡು, ನೀರು, ಹಣ್ಣು ತೆಗೆದುಕೊಂಡು ನಮಾಜಿನ ನಂತರ ಊಟ ಮಾಡಿದರೆ ಭಜಿ, ಸಮೋಸಾ ತಾನಾಗಿ ಕಡಿಮೆಯಾಗುತ್ತದೆ. ಸಹರಿ ತಪ್ಪಿಸಬಾರದು. ಅದರಲ್ಲಿ ತತ್ತಿ, ಬೇಳೆ ಇರಲಿ. ವ್ಯಾಯಾಮ ಇಫ್ತಾರ್ ಆದ ಮೇಲೆ.

ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟುವುದು, ಎದೆ ಡವಡವ ಹೊಡೆದುಕೊಳ್ಳುವುದು, ಬೇಸಿಗೆಯಲ್ಲೂ ಚಳಿ, ಬಾಚಣಿಗೆ ತುಂಬ ಕೂದಲು, ವಾರಕ್ಕೆ ಒಂದು ಕಿಲೊಗಿಂತ ಹೆಚ್ಚು ಇಳಿತ ಎರಡು ಮೂರು ವಾರ ಮುಂದುವರಿಯುವುದು: ಇವುಗಳಲ್ಲಿ ಯಾವುದಿದ್ದರೂ ಮೊದಲಿನ ಊಟಕ್ಕೆ ಮರಳಿ, ಡಾಕ್ಟರಿಗೆ ತೋರಿಸಿ. ಮೂರು ತಿಂಗಳು ಮುಟ್ಟು ನಿಂತರೆ ಒಳ್ಳೆಯದಾಯಿತು ಎಂದುಕೊಳ್ಳಬೇಡಿ, ಎಲುಬು ಸವೆಯಲು ಶುರುವಾಗಿರಬಹುದು.

ಇನ್ನೂ ಹೆಚ್ಚು ಕಾಳಜಿ ಬೇಕಾದದ್ದು ಮನಸ್ಸಿನ ಸೂಚನೆಗಳಿಗೆ. ದಿನಕ್ಕೆ ಹಲವು ಸಲ ತೂಕ ನೋಡುವುದು, ಎಲ್ಲರ ಜೊತೆ ಉಣ್ಣಲು ಹಿಂಜರಿಯುವುದು, ಉಂಡ ಮೇಲೆ ಬೆರಳು ಹಾಕಿ ವಾಂತಿ ಮಾಡುವುದು, ಬೇಧಿ ಮಾತ್ರೆ ನುಂಗುವುದು, ಕದ್ದುಮುಚ್ಚಿ ಒಂದೇ ಸಲ ಬಹಳ ತಿನ್ನುವುದು. ಇದು ಚಿಕಿತ್ಸೆ ಬೇಕಾದ ಕಾಯಿಲೆ, ಚಿಕಿತ್ಸೆಯಿಂದ ಗುಣವಾಗುತ್ತದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ರೂಮಿನ ಗೆಳತಿಯಲ್ಲಿ ಇಂಥದ್ದು ಕಂಡರೆ ಬೈಯದೆ, ಜೊತೆಗೆ ಕೂತು ನೀವೇ ಫೋನು ಹಚ್ಚಿಕೊಡಿ.

ಕೊಬ್ಬು ಕರಗಿಸುವ ಮಾತ್ರೆ, ಗಿಡಮೂಲಿಕೆ ಚಹಾ, ಊಟದ ಬದಲಿಗೆಂದು ಮಾರುವ ಶೇಕ್ ಪುಡಿಗಳಿಂದ ದೂರ ಇರಿ. ಥೈರಾಯ್ಡ್ ತೊಂದರೆ ಇಲ್ಲದವರು ತೂಕಕ್ಕೆಂದು ಅದರ ಮಾತ್ರೆ ನುಂಗಿದರೆ ಹೃದಯದ ಬಡಿತ ಕೆಡುತ್ತದೆ. ಹಸಿವು ಕೊಲ್ಲಲು ಗುಟ್ಕಾ, ಸಿಗರೇಟು ಹಿಡಿಯುವ ಹುಡುಗರಿದ್ದಾರೆ. ಆ ಚಟ ಬಿಡುವುದು ತೂಕ ಇಳಿಸುವುದಕ್ಕಿಂತ ಹತ್ತು ಪಟ್ಟು ಕಷ್ಟ.

ಹಂತ 8: ಅಳತೆ, ನಿಂತುಹೋದಾಗ ಮಾಡಬೇಕಾದ್ದು

ವಾರಕ್ಕೆ ಮೂರು ಬೆಳಿಗ್ಗೆ, ಮಲವಿಸರ್ಜನೆಯ ನಂತರ, ಏನೂ ತಿನ್ನುವ ಮುಂಚೆ ತೂಕ ನೋಡಿ, ಮೂರರ ಸರಾಸರಿ ಬರೆಯಿರಿ. ಅಂಗಡಿಯ ಯಂತ್ರವಾದರೆ ವಾರಕ್ಕೊಮ್ಮೆ ಅದೇ ದಿನ, ಅದೇ ಹೊತ್ತು. ಒಂದೊಂದು ದಿನದ ಏರಿಳಿತಕ್ಕೆ ಬೆಲೆ ಕೊಡಬೇಡಿ, ಉಪ್ಪು ಹೆಚ್ಚು ತಿಂದ ಮರುದಿನ ತೂಕ ಏರುತ್ತದೆ. ಮುಟ್ಟಿನ ಮುಂಚಿನ ವಾರ ಒಂದೆರಡು ಕಿಲೊ ನೀರು ಹಿಡಿಯುವುದು ಸಹಜ, ಹುಡುಗಿಯರು ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಬೇಕು. ಸೊಂಟ ಎರಡು ವಾರಕ್ಕೊಮ್ಮೆ.

ಮೂರು ವಾರ ತೂಕವೂ ಸೊಂಟವೂ ಅಲುಗದಿದ್ದರೆ ಊಟ ಕಡಿಮೆ ಮಾಡುವ ಮುಂಚೆ ಮೂರು ದಿನ ಮತ್ತೆ ಎಲ್ಲವನ್ನೂ ಬರೆಯಿರಿ. ನಾಲ್ಕನೇ ಚಹಾ ಮರಳಿ ಬಂದಿರುತ್ತದೆ, ಶೇಂಗಾ ಹಿಡಿ ದೊಡ್ಡದಾಗಿರುತ್ತದೆ. ಅದೂ ಸರಿ ಇದ್ದರೆ ಅರ್ಧ ಬಟ್ಟಲು ಅನ್ನ ಅಥವಾ ಒಂದು ರೊಟ್ಟಿ ಕಡಿಮೆ ಮಾಡಿ, ಇಲ್ಲವೆ 1,500 ಹೆಜ್ಜೆ ಸೇರಿಸಿ. ಎರಡನ್ನೂ ಒಟ್ಟಿಗೆ ಮಾಡಬೇಡಿ, ಯಾವುದರಿಂದ ಇಳಿಯಿತು ಎಂದು ತಿಳಿಯುವುದಿಲ್ಲ. ಸೊಂಟ ಇಳಿಯುತ್ತಿದ್ದು ತೂಕ ಮಾತ್ರ ನಿಂತಿದ್ದರೆ ಏನನ್ನೂ ಬದಲಿಸುವುದು ಬೇಡ.

ಹನ್ನೆರಡು ವಾರ ಇಳಿಸಿದ ಮೇಲೆ ಎರಡು ವಾರ ಬಿಡುವು ಕೊಡಿ, ಆ ದಿನಗಳಲ್ಲಿ ಒಂದು ರೊಟ್ಟಿ, ಒಂದು ಬಟ್ಟಲು ಬೇಳೆ ಹೆಚ್ಚು ಉಣ್ಣಿರಿ. ಗುರಿ ಮುಟ್ಟಿದ ಮೇಲೂ ಹೀಗೆಯೇ, ವಾರಕ್ಕೆ 100ರಿಂದ 150 ಕ್ಯಾಲೊರಿಯಷ್ಟು ಊಟ ಮರಳಿಸುತ್ತಾ ತೂಕ ನಿಲ್ಲುವ ಜಾಗ ಕಂಡುಕೊಳ್ಳಿ. ವಾರಕ್ಕೊಮ್ಮೆ ತೂಕ ನೋಡುವುದನ್ನು ಎರಡನೇ ವರ್ಷವೂ ಮುಂದುವರಿಸಿ. ಎರಡು ಕಿಲೊ ಏರಿದ್ದು ಕಂಡ ವಾರವೇ ಹಂತ 3ಕ್ಕೆ ಮರಳಿ, ಚಹಾ ಎಣಿಸುವುದರಿಂದ ಶುರು ಮಾಡಿ.